ಸೂಪಾಕ್ಕೆ ಒಂದು ಟಿಕೀಟು

ಆರಿದ್ರಾ ಮಳೆ ಹಿಡಿದು ಮೂರನೆಯ ದಿನ. ಹಳಿಯಾಳದ ಪೇಟೆಯಿಂದ ತುಸು ಒಳಗಿರುವ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಮೂವರು ಕುಳಿತಿದ್ದರು. ಒಬ್ಬರು ನಿವೃತ್ತ ಕನ್ನಡ ಮಾಸ್ತರು. ಇನ್ನೊಬ್ಬರು ದಾಂಡೇಲಿಯ ಕಾಗದದ ಗಿರಣಿಯಲ್ಲೇ ಆಯುಷ್ಯ ಕಳೆದು, ಪಾಳಿ ಮುಗಿಸಿ ಬಂದ ರಾತ್ರಿಗಳಲ್ಲಿ ಕೈಗೆ ಸಿಕ್ಕ ಕಾದಂಬರಿಯನ್ನೆಲ್ಲ ಓದಿದವರು. ಮೂರನೆಯವಳು ಜೋಯಿಡಾ ಕಡೆಯ ಕುಣಬಿ ಮನೆತನದ ಹುಡುಗಿ. ಮುಂಡಗೋಡದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವಳ ಕೈಯಲ್ಲಿ ಹದಿನಾಲ್ಕು ಹಾಳೆ ಇದ್ದವು. ಅವಳು ಬರೆದ ಮೊದಲ ಕಥೆ.

ಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಮೊದಲ ವಾಕ್ಯವನ್ನು ಗಟ್ಟಿಯಾಗಿ ಓದಿದರು.

“ಸ್ಥಳಾಂತರ ಬೇಸಾಯವನ್ನೇ ನಂಬಿದ್ದ ಮನೆತನದ ಆ ವೃದ್ಧೆಯ ನಯನಗಳಲ್ಲಿ, ಜಲಾವೃತವಾದ ಜನ್ಮಭೂಮಿಯ ನೆನಪಿನಿಂದ ಅಶ್ರುಬಿಂದುಗಳು ತುಂಬಿದವು.”

ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ಸಿಲು ತೆಗೆದು ಮೊದಲ ಎರಡು ಶಬ್ದಗಳ ಕೆಳಗೆ ಗೆರೆ ಎಳೆದರು.

“ಇದು ನಿಮ್ಮ ಆಜೀದೇ ಕಥಿ ಹೌದಲ್ಲೇನವ್ವ?”

“ಹೌದು ಸರ್.”

“ಈ ಸ್ಥಳಾಂತರ ಬೇಸಾಯಕ್ಕ ಆಕಿ ಏನಂತಾಳ?”

ಹುಡುಗಿ ಯೋಚಿಸಲೂ ಇಲ್ಲ. “ಕುಮರಿ.”

“ಮತ್ತ ಆ ಶಬ್ದ ಎಲ್ಲಿ ಹೋತು?”

ಆ ಮಧ್ಯಾಹ್ನದ ಮಾತೆಲ್ಲ ಹೊರಟದ್ದು ಈ ಪ್ರಶ್ನೆಯಿಂದ. ಬೇಸಿಗೆಯಲ್ಲಿ ಕಾಡಿನ ಒಂದು ತುಂಡನ್ನು ಸವರಿ, ಒಣಗಿದ ಸೊಪ್ಪುಸದೆಗೆ ಬೆಂಕಿ ಕೊಟ್ಟು, ಮಳೆ ಬಿದ್ದೊಡನೆ ಬೂದಿಯ ಮೇಲೆ ರಾಗಿ ಚೆಲ್ಲಿ, ಎರಡು ಮೂರು ಬೆಳೆ ತೆಗೆದು, ನೆಲವನ್ನು ಕಾಡಿಗೇ ಬಿಟ್ಟು ಮುಂದೆ ಸಾಗುವ ಪದ್ಧತಿಗೆ ಈ ಸೀಮೆಯಲ್ಲಿ ಕುಮರಿ ಎಂದು ಹೆಸರು. ಬ್ರಿಟಿಷರ ಕಾಲದ ಅರಣ್ಯದ ಕಾಗದಪತ್ರಗಳಲ್ಲೂ ಅದು ಕುಮರಿಯೇ. 19ನೇ ಶತಮಾನದ ನಡುವಿನಲ್ಲಿ ಅದನ್ನು ತಡೆಯಲು ಹೊರಟ ಅಧಿಕಾರಿಗಳು ಜನರ ಕೈಯಿಂದ ಕತ್ತಿ ಕಸಿದರು, ಬಾಯಿಂದ ಶಬ್ದ ಕಸಿಯಲಿಲ್ಲ. ಆ ಕೆಲಸವನ್ನು ಆಮೇಲೆ ಶಾಲೆಯ ಪಠ್ಯ ಮಾಡಿತು.

“ಆಜಿ ಕುಮರಿ ಮಾಡಿದವಳಲ್ಲ ಸರ್,” ಎಂದಳು ಹುಡುಗಿ. “ಅದು ಅವಳ ಅಪ್ಪನ ಕಾಲಕ್ಕೇ ಮುಗಿದಿತ್ತು. ಆದರೆ ಒಂದು ದಿಬ್ಬವನ್ನು ಈಗಲೂ ಕುಮರಿ ಅಂತಾಳೆ. ಅಲ್ಲಿ ಈಗ ಬರೀ ಕಾಡು.”

“ಇಷ್ಟು ಚಂದ ಬಾಯಾಗ ಇಟ್ಕೊಂಡು ಹಾಳ್ಯಾಗ ಮಾತ್ರ ಸ್ಥಳಾಂತರ ಬೇಸಾಯ!”

“ಮೈಸೂರಿನವರು, ಕೋಲಾರದವರು ಓದಿದರೆ? ಅವರಿಗೆ ಕುಮರಿ ಅಂದರೆ ಏನು ಗೊತ್ತಾಗುತ್ತದೆ?”

“ಗೊತ್ತಾಗೂ ಹಂಗ ಬರಿ. ಹೊಗಿ ಬರಿ. ಬೂದಿ ಮ್ಯಾಲ ಮೊದಲ ಮಳಿ ಬಿದ್ದಾಗ ಏಳೂ ವಾಸನಿ ಬರಿ. ಮೂರನೇ ವಾಕ್ಯಕ್ಕ ಕೋಲಾರದವರಿಗೂ ಕುಮರಿ ಅಂದ್ರ ಏನಂತ ಗೊತ್ತಾಗಿರತೈತಿ. ಅವರು ಪುಸ್ತಕ ಮುಚ್ಚಿ ಇಡೂವಾಗ ಒಂದು ಹೊಸಾ ಶಬ್ದ ಮನೀಗೆ ಒಯ್ದಿರತಾರ. ಸ್ಥಳಾಂತರ ಬೇಸಾಯ ಅಂದಿ ಅಂದ್ರ ಅವರಿಗೆ ಪರೀಕ್ಷಾ ನೆನಪಾಗತೈತಿ.”

ಮಾಸ್ತರ ಮಾತಿನ ‘ಐತಿ’, ‘ಅಂದ್ರ’ಗಳನ್ನು ಇಲ್ಲಿ ಹಾಗೆಯೇ ಉಳಿಸಿದೆ. ಮಾತಿನ ನಡುವಿನ ನುಂಗುವಿಕೆಯನ್ನೂ ಎಳೆತಗಳನ್ನೂ ಅಕ್ಷರಕ್ಕಿಳಿಸುವ ಹಟ ಮಾಡಿಲ್ಲ. ಎಷ್ಟು ಉಳಿಸಬೇಕು, ಎಷ್ಟು ಬಿಡಬೇಕು ಎನ್ನುವುದು ಕಥೆಗಾರರಿಗೆ ಮಾತ್ರವಲ್ಲ, ಮಾತನ್ನು ಬರಹಕ್ಕೆ ಇಳಿಸುವ ಎಲ್ಲರಿಗೂ ಇರುವ ಚಿಂತೆ. ಉತ್ತರ ಕನ್ನಡದ ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಅದು ಇನ್ನೂ ತೊಡಕಿನದು. ಹಳಿಯಾಳ ಒಂದರಲ್ಲೇ ತೇರಗಾಂವ ಇದೆ, ಮುರ್ಕವಾಡ ಇದೆ, ಸಾಂಬ್ರಾಣಿ ಇದೆ. ಸಂತೆಯಲ್ಲಿ ಧಾರವಾಡ ಕಡೆಯ ಕನ್ನಡ, ಮರಾಠಿ, ಉರ್ದು ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಗೌಳಿವಾಡಗಳದ್ದು ಒಂದು ಮಾತು, ಸಿದ್ದಿಗಳ ಕೊಂಕಣಿ ಇನ್ನೊಂದು, ಜೋಯಿಡಾದ ಕುಣಬಿಗಳದ್ದು ಮತ್ತೊಂದು. ಮುಂಡಗೋಡಕ್ಕೆ ಹೋದರೆ ಟಿಬೆಟನ್ ಕಿವಿಗೆ ಬೀಳುತ್ತದೆ. ಇಂಥಲ್ಲಿ ಕನ್ನಡ ಕಥೆ ಬರೆಯುವವರು ಯಾವ ಕನ್ನಡದಲ್ಲಿ ಬರೆಯಬೇಕು?

ಹುಡುಗಿ ಕೇಳಿದ್ದೂ ಅದನ್ನೇ.

“ನನ್ನ ಕಷ್ಟ ಬೇರೆ ಸರ್. ಆಜಿಗೆ ಕನ್ನಡ ಬರುವುದಿಲ್ಲ. ಸಂತೆಯಲ್ಲಿ ದುಡ್ಡು ಎಣಿಸುವಷ್ಟು ಬರುತ್ತದೆ, ಅಷ್ಟೇ. ಅವಳ ಬಾಯಿಂದ ಪುಟಗಟ್ಟಲೆ ಕನ್ನಡ ಆಡಿಸಿದರೆ ಅವಳು ಅವಳಾಗಿ ಉಳಿಯುವುದಿಲ್ಲ. ಸುಳ್ಳು ಹೇಳಿದ ಹಾಗೆ ಆಗುತ್ತದೆ. ಅದಕ್ಕೇ ಮೊದಲು ಅವಳ ಮಾತನ್ನೆಲ್ಲ ನಮ್ಮ ಮಾತಿನಲ್ಲೇ ಬರೆದಿದ್ದೆ. ಪಕ್ಕದಲ್ಲಿ ಕಂಸ ಹಾಕಿ ಕನ್ನಡದ ಅರ್ಥ ಕೊಟ್ಟಿದ್ದೆ.”

“ಕಂಸ ಯಾರಿಗೆ?”

“ಓದುವವರಿಗೆ.”

“ಓದೂವಾಂವ ಆಜೀ ಎದುರಿಗೆ ಕೂತಾನ. ಆಕಿ ಬಾಯಿ ತೆಗೆದಾಗೊಮ್ಮೆ ನೀ ನಡುವ ಬಂದು ‘ಆಕಿ ಹಿಂಗಂದ್ಲು’ ಅಂತ ಹೇಳಿದ್ರ ಅವ ಆಕಿ ಮಾರಿ ನೋಡೂದು ಬಿಟ್ಟು ನಿನ್ನ ಮಾರಿ ನೋಡತಾನ.”

ಇದುವರೆಗೆ ಕೇಳುತ್ತ ಕುಳಿತಿದ್ದ ದಾಂಡೇಲಿಯವರು ಬಾಯಿ ಹಾಕಿದರು. ತಾವು ಓದಿದ್ದರಲ್ಲಿ ಈ ಸಮಸ್ಯೆ ಹೊಸದಲ್ಲ ಎಂದರು. ತುಳುನಾಡಿನ ಚೋಮ ಗುಡಿಸಿಲಲ್ಲಿ ಮಕ್ಕಳೊಂದಿಗೆ ಯಾವ ಮಾತಾಡುತ್ತಿದ್ದಿರಬೇಕು? ಶಿವರಾಮ ಕಾರಂತರು 1933ರಲ್ಲೇ ‘ಚೋಮನ ದುಡಿ’ಯಲ್ಲಿ ಅವನಿಂದ ಕನ್ನಡ ಆಡಿಸಿದರು; ಓದುವಾಗ ಯಾರಿಗೂ ಅದು ಎರವಲು ಮಾತು ಅನಿಸುವುದಿಲ್ಲ. ಘಟ್ಟದ ಕೆಳಗಿನ ಹನೇಹಳ್ಳಿಯ ಯಶವಂತ ಚಿತ್ತಾಲರ ಮನೆಮಾತು ಕೊಂಕಣಿ, ಇದ್ದದ್ದು ಮುಂಬೈ, ಬರೆದದ್ದು ಕನ್ನಡ. ಸಾಗರದ ನಾ. ಡಿಸೋಜರ ಮನೆಯಲ್ಲೂ ಕೊಂಕಣಿಯೇ. ಶರಾವತಿಗೆ ಕಟ್ಟಿದ ಅಣೆಕಟ್ಟಿನ ನೀರಿಗೆ ಊರು ಕೊಟ್ಟವರ ಸಂಕಟವನ್ನು ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಕನ್ನಡಕ್ಕೆ ತಂದರು.

“ಮುಳುಗಡಿ ಅನ್ನೂ ಶಬ್ದ ನೋಡ್ರಿ,” ಎಂದರು ಅವರು. “ಕಚೇರಿ ಕಾಗದದಾಗೂ ಐತಿ, ಮಂದಿ ಬಾಯಾಗೂ ಐತಿ. ‘ನಾವು ಮುಳುಗಡ್ಯಾವರು’ ಅಂತ ಹೇಳ್ಕೊಂತಾರ. ಈಕಿ ಬರದಿರೂ ‘ಜಲಾವೃತ’ ಅನ್ನೂದು ಕಾಗದದಾಗ ಮಾತ್ರ ಐತಿ. ಯಾರ ಮನಿಯೂ ಜಲಾವೃತ ಆಗಿಲ್ಲ. ಮುಳುಗ್ಯಾವು.”

ಮಾಸ್ತರು ಹುಡುಗಿಯ ಕಡೆಗೆ ತಿರುಗಿದರು. “ಆಜೀ ಮಾತಿನ ಅರ್ಥ ತಗೋಬ್ಯಾಡ. ಅಳತಿ ತಗೋ. ಒಂದು ಉಸಿರಿಗೆ ಎಷ್ಟು ಶಬ್ದ ಆಡತಾಳ, ಎಲ್ಲಿ ನಿಲ್ಲತಾಳ, ಏನು ಹೇಳೂದಿಲ್ಲ, ಅದನ್ನ ನೋಡು. ನೀರು ಬಂದದ್ದನ್ನ ಆಕಿ ಹೆಂಗ ಹೇಳತಾಳ?”

ಹುಡುಗಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. “ಮೂರೇ ಮಾತು ಸರ್. ನೀರು ಬಂತು. ಕೋಳಿ ತಗೊಂಡ್ವಿ. ಹೊರಟ್ವಿ.”

ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಇತ್ತು.

“ಅಳತಾಳೇನು?”

“ಇಲ್ಲ. ಒಂದು ದಿನವೂ ಅತ್ತದ್ದು ನೋಡಿಲ್ಲ.”

“ಮತ್ತ ಈ ಅಶ್ರುಬಿಂದು ಯಾರದು?”

“ನನ್ನದು,” ಎಂದಳು ಹುಡುಗಿ, ತಗ್ಗಿದ ದನಿಯಲ್ಲಿ.

ಪಾತ್ರ ಅಳದೇ ಇದ್ದಾಗ ಬರೆಯುವವರು ಅವಳ ಪರವಾಗಿ ಅತ್ತುಬಿಡುವುದು, ಅದಕ್ಕಾಗಿ ಅವಳ ಬಾಯಲ್ಲಿ ಎಂದೂ ಬಾರದ ಶಬ್ದಗಳನ್ನು ಎತ್ತಿ ತರುವುದು, ಮೊದಲ ಕಥೆಗಳಲ್ಲಿ ಕಾಣುವಷ್ಟೇ ನುರಿತವರ ಕಥೆಗಳಲ್ಲೂ ಕಾಣುತ್ತದೆ. ‘ನಯನ’ ಎಂದಾಗ ಕಣ್ಣು ಕಾಣುವುದಿಲ್ಲ, ಬರೆದವರ ಆಸೆ ಕಾಣುತ್ತದೆ. ಆಜಿಯ ಮೂರು ಮಾತಿನಲ್ಲಿ ಕೋಳಿ ಇದೆ. ಊರು ಬಿಡುವ ಹೊತ್ತಿಗೆ ಕಂಕುಳಲ್ಲಿ ಕೋಳಿ ಇಟ್ಟುಕೊಂಡು ನಡೆದ ಹೆಂಗಸನ್ನು ಓದುಗರು ಮರೆಯಲಾರರು.

ಬೇರೆ ಮಾತನ್ನು ಇನ್ನೊಂದು ಭಾಷೆಗೆ ಅಳತೆಯಿಂದ ಒಗ್ಗಿಸುವ ಈ ಕೆಲಸವನ್ನು ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1938ರ ‘ಕಾಂತಾಪುರ’ದಲ್ಲಿ ಇಂಗ್ಲಿಷಿನೊಳಗೆ ಮಾಡಿ ನೋಡಿದ್ದರು. ಹಳ್ಳಿಯ ಮುದುಕಿಯೊಬ್ಬಳು ಜಗಲಿಯಲ್ಲಿ ಕೂತು ಕಥೆ ಹೇಳುವ ಓಟ ಆ ವಾಕ್ಯಗಳಿಗಿದೆ. ಒಂದಕ್ಕೊಂದು ಸೇರಿಕೊಂಡು ಓಡುತ್ತವೆ. ನೈಜೀರಿಯಾದ ಚಿನುವಾ ಅಚೆಬೆ ಇಪ್ಪತ್ತು ವರ್ಷದ ಮೇಲೆ, 1958ರಲ್ಲಿ, ‘ಥಿಂಗ್ಸ್ ಫಾಲ್ ಅಪಾರ್ಟ್’ ಬರೆದಾಗ ಇಗ್ಬೊ ಶಬ್ದಗಳನ್ನು ವಾಕ್ಯದೊಳಗೇ ಅರ್ಥ ಬಿಟ್ಟುಕೊಡುವಂತೆ ಕೂರಿಸಿದರು. ಒಬ್ಬರದು ಉದ್ದದ ಉಸಿರು, ಇನ್ನೊಬ್ಬರದು ಗಾದೆಗಳ ತೂಕದ ನಡೆ. ಕುಣಬಿ ಆಜಿಯದು ಇವೆರಡೂ ಅಲ್ಲ. ಅವಳದು ಮೂರು ಮಾತು.

“ಆಜಿ ನೀರಿಗೆ ಏನಂತಾಳ?” ಎಂದು ಕೇಳಿದವರು ದಾಂಡೇಲಿಯವರು.

“ಉದಕ.”

ಮಾಸ್ತರು ತಟ್ಟನೆ ತಲೆಯೆತ್ತಿದರು. ಇಲ್ಲಿ ಮಾತು ಅವರು ಎಣಿಸದ ಕಡೆಗೆ ಹೊರಳಿತ್ತು. ಇಷ್ಟು ಹೊತ್ತು ಅವರ ಪೆನ್ಸಿಲು ಹುಡುಕಿದ್ದು ಸಂಸ್ಕೃತದ ಶಬ್ದಗಳನ್ನೇ: ವೃದ್ಧೆ, ನಯನ, ಜಲಾವೃತ, ಅಶ್ರು. ‘ಉದಕ’ವೂ ಸಂಸ್ಕೃತದ್ದೇ. ಕನ್ನಡದಲ್ಲಿ ಅದು ಪೂಜೆಯ ತಂಬಿಗೆಯಲ್ಲಿ, ವಚನಗಳಲ್ಲಿ, ಶ್ರಾದ್ಧದ ಮಂತ್ರದಲ್ಲಿ ಇರುವ ಶಬ್ದ. ಕೊಂಕಣಿಯಲ್ಲಿ ಬಾವಿಯಿಂದ ಸೇದುವುದು, ಎಮ್ಮೆಗೆ ಕುಡಿಸುವುದು, ಒಲೆಯ ಮೇಲೆ ಕಾಯುವುದು ಉದಕವೇ. ಅದೇ ಶಬ್ದ ಘಟ್ಟದ ಒಂದು ಮಗ್ಗುಲಲ್ಲಿ ಮಡಿ ಉಟ್ಟು ಕೂತಿದೆ, ಇನ್ನೊಂದು ಮಗ್ಗುಲಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೆಲಸ ಮಾಡುತ್ತಿದೆ.

“ಹಂಗಾದ್ರ ‘ಉದಕ ಬಂತು’ ಅಂತ ಬರೀಲೇನು?” ಹುಡುಗಿಗೆ ಹುರುಪು ಬಂದಿತ್ತು, ಮಾಸ್ತರ ಮಾತಿನ ಧಾಟಿ ಅವಳಿಗೂ ಅಂಟಿತ್ತು.

“ಬರೆದಿ ಅಂದ್ರ ಕನ್ನಡದವರು ತೀರ್ಥ ಬಂತು ಅಂತ ಕೈ ಒಡ್ಡತಾರ.”

“ಆದರೆ ಅವಳ ಶಬ್ದ ಅದೇ ಅಲ್ಲವೇ? ಅವಳ ಶಬ್ದ ಬಿಡಬೇಡ ಅಂತ ನೀವೇ ಹೇಳಿದಿರಿ.”

“ಹೇಳಿದೆ. ಕುಮರಿ ಕನ್ನಡಕ್ಕ ಬಂದ್ರ ಹೊಗಿ ಸಮೇತ ಬರತೈತಿ. ಉದಕ ಬಂದ್ರ ಬ್ಯಾರೇನೋ ಹೊತ್ಕೊಂಡು ಬರತೈತಿ. ಶಬ್ದ ಅದೇ ಇರಬಹುದು, ಆಳು ಬ್ಯಾರೆ. ಇಲ್ಲಿ ‘ನೀರು’ ಅನ್ನು. ಆಕಿ ಉದಕ ಎಷ್ಟು ಹಗುರ ಐತಿ, ಕನ್ನಡದಾಗ ನೀರು ಅಷ್ಟೇ ಹಗುರ ಐತಿ.”

ಈ ಒಂದು ಮಾತು ನಿಂತು ನೋಡುವಂಥದು. ಕನ್ನಡದಲ್ಲಿ ಶೈಲಿಯ ಜಗಳ ಅಂದರೆ ಸಂಸ್ಕೃತ ಬೇಕೋ ಬೇಡವೋ ಎಂಬ ಜಗಳ ಎಂದುಕೊಳ್ಳುವುದು ಹಳೆಯ ರೂಢಿ. ಮುಂಡಗೋಡದಿಂದ ಬಹಳ ದೂರವೇನಲ್ಲದ ಮುಳುಗುಂದದ ನಯಸೇನ 1112ರ ‘ಧರ್ಮಾಮೃತ’ದಲ್ಲಿ, ಸಂಸ್ಕೃತವನ್ನು ಕನ್ನಡಕ್ಕೆ ತುರುಕುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿ ಜರೆದ. ಮುಂದಿನ ಶತಮಾನದಲ್ಲಿ ಆಂಡಯ್ಯ ತತ್ಸಮಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ವನ್ನೇ ಬರೆದ. ಅವರಿಗೂ ಹಿಂದೆ, 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡ ಎಂಬುದನ್ನು ಬಹುವಚನದಲ್ಲೇ ನೆನೆದಿತ್ತು: ಕನ್ನಡಗಳು. ಸಾವಿರ ನಾಲಗೆಯ ವಾಸುಕಿಗೂ ಅವುಗಳ ಲೆಕ್ಕ ಹಿಡಿಯಲು ಬೇಸರ ಬರುತ್ತದೆ ಎನ್ನುವ ಅರ್ಥದ ಮಾತು ಅಲ್ಲಿದೆ. ನಯಸೇನನ ಸಿಟ್ಟು ಒಪ್ಪತಕ್ಕದ್ದೇ. ಆದರೆ ಕಥೆ ಬರೆಯುವ ಕೈಗೆ ಹೆಚ್ಚು ಉಪಯೋಗವಾಗುವುದು ಕವಿರಾಜಮಾರ್ಗದ ಬಹುವಚನ. ಶಬ್ದ ಎಲ್ಲಿಂದ ಬಂತು ಎನ್ನುವುದಕ್ಕಿಂತ ಈಗ ಯಾರ ಬಾಯಲ್ಲಿ, ಯಾವ ತೂಕದಲ್ಲಿ ಇದೆ ಎನ್ನುವುದನ್ನು ಅದು ಕೇಳಿಸುತ್ತದೆ.

ಉಳವಿಯನ್ನೇ ನೋಡಬಹುದು. ಜೋಯಿಡಾದ ಕಾಡಿನ ನಡುವಿನ ಆ ಕ್ಷೇತ್ರದಲ್ಲಿ ಚನ್ನಬಸವಣ್ಣ ‘ಸತ್ತರು’ ಎನ್ನುವವರಿಲ್ಲ, ಐಕ್ಯರಾದರು. ಅಲ್ಲಿ ಸಂಸ್ಕೃತದ ಶಬ್ದವೇ ಮನೆಯ ಶಬ್ದ. ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಸಾಲುಗಟ್ಟಿ ಬರುವುದು ಚಕ್ಕಡಿ. ‘ಎತ್ತಿನ ಗಾಡಿ’ ಎಂದು ಬರೆದರೆ ತಪ್ಪಿಲ್ಲ, ಅರ್ಥಕ್ಕೂ ಕೊರತೆಯಿಲ್ಲ. ಆ ಗಾಡಿ ಮಾತ್ರ ಬೇರೆ ಸೀಮೆಯದು.

ದಾಂಡೇಲಿಯವರಿಗೆ ತಮ್ಮದೊಂದು ತಕರಾರಿತ್ತು. ಕಥೆಯಲ್ಲಿ ಆಜಿಯ ಮಗ ಗಿರಣಿಯ ಕೆಲಸಕ್ಕೆ ಸೇರುತ್ತಾನೆ. ಐದನೆಯ ಹಾಳೆಯಲ್ಲಿ ‘ಕಾರ್ಖಾನೆಯ ಸೈರನ್ ಮೊಳಗಿತು’ ಎಂದಿದೆ.

“ಮೊಳಗೂದು ನಗಾರಿ,” ಎಂದರು ಅವರು. “ನಾವು ಭೋಂಗಾ ಅಂತಿದ್ವಿ. ಭೋಂಗಾ ಆತು, ಏಳ್ರಿ. ಅಷ್ಟ. ಮತ್ತ ಇಲ್ಲಿ ‘ತೇಗದ ಮರ’ ಅಂತ ಬರದಿ. ನಾಟಾ ಡಿಪೋದಾಗ ತೇಗ ಅಂದ್ರ ಯಾವುದೋ ಬ್ಯಾರೆ ಮರ ಅನ್ಕೊಂತಾರ. ಸಾಗವಾನಿ ಅನ್ನು.”

“ಇಲ್ಲಿ ‘ವಿಚಿತ್ರ ವಾಸನೆ’ ಅಂತ ಬರೆದಿದ್ದೇನೆ. ಅದು?”

“ಅವನು ಕೆಲಸಕ್ಕ ಸೇರಿ ಎಷ್ಟು ದಿನಾ ಆತು?”

“ನಾಲ್ಕು ವರ್ಷ.”

“ಹಂಗಾದ್ರ ಅವಗ ವಾಸನಿ ಬರೂದಿಲ್ಲ. ಬಿದಿರು ಬೇಯೂ ವಾಸನಿ ಮೊದಲ ವಾರ. ಆಮ್ಯಾಲ ಮೂಗಿಗೆ ಗೊತ್ತೇ ಆಗೂದಿಲ್ಲ. ರಜಾ ಹಾಕಿ ಊರಿಗೆ ಹೋಗಿ ತಿರುಗಿ ಬರಬೇಕು, ಬಸ್ಸಿನ ಕಿಡಕಿಯಾಗ ಒಮ್ಮೆ ಹಾಯತೈತಿ. ಮನಿ ಬಂತು ಅನಿಸತೈತಿ.”

ಮಾಸ್ತರು ‘ವಿಚಿತ್ರ’ಕ್ಕೆ ಗೆರೆ ಹಾಕಲು ಪೆನ್ಸಿಲು ಎತ್ತುವ ಮುಂಚೆಯೇ ಹುಡುಗಿ ತಾನೇ ಅದನ್ನು ಹೊಡೆದು, ಬದಿಯಲ್ಲಿ ‘ಬಸ್ಸಿನ ಕಿಡಕಿ’ ಎಂದು ಬರೆದುಕೊಂಡಳು. ವಿಶೇಷಣಗಳಿಗೆ ಒಂದು ದೋಷವಿದೆ: ಯಾರ ಮೂಗು, ಯಾರ ಕಣ್ಣು ಎಂಬುದನ್ನು ಅವು ಮುಚ್ಚಿಡುತ್ತವೆ. ‘ವಿಚಿತ್ರ’ ಎಂದವನು ಹೊರಗಿನವನು.

ಮಾತು ಇಂಗ್ಲಿಷಿಗೂ ಬಂತು. ಕಥೆಯೊಳಗೆ ಬಸ್ಸು, ಶಿಫ್ಟು, ಬಾಯ್ಲರು ಇದ್ದವು. ಇವನ್ನು ಕನ್ನಡ ಮಾಡಬೇಕೇ ಎಂದು ಹುಡುಗಿ ಕೇಳಿದಾಗ ಮಾಸ್ತರು ಒಳಗೆ ಹೋಗಿ ಒಂದು ಪುಸ್ತಕ ತಂದು ಮುಂದಿಟ್ಟರು.

“ಇದ ಹಳಿಯಾಳದಾಗ 1929ರಾಗ ಹುಟ್ಟಿದವರು, ಶಾಂತಿನಾಥ ದೇಸಾಯರು. ಇಂಗ್ಲಿಷ್ ಪ್ರಾಧ್ಯಾಪಕರು, ಆಮ್ಯಾಲ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು. ಅವರ ‘ಮುಕ್ತಿ’ ಬಂದದ್ದು 1961ರಾಗ. ಅದರೊಳಗಿನ ಮಂದಿ ಕಾಲೇಜು ಕಲಿತವರು. ಅವರ ತಲ್ಯಾಗ ಅರ್ಧ ಇಂಗ್ಲಿಷೇ ಓಡತೈತಿ. ದೇಸಾಯರು ಅದನ್ನ ಮುಚ್ಚಿ ಇಡಲಿಲ್ಲ. ನಿನ್ನ ಕಥೀ ಬಸ್ಸು ಬಸ್ಸೇ ಇರಲಿ. ಆದರ ನಾ ಇದನ್ನ ತಂದದ್ದು ಬ್ಯಾರೆ ಕಾರಣಕ್ಕ. ರಟ್ಟು ನೋಡು.”

ರಟ್ಟಿನ ಮೇಲೆ ‘ಓಂ ಣಮೋ’ ಎಂದಿತ್ತು.

“ಮುದ್ರಣದೋಷ ಅಂದ್ಕೊಂಡಿದ್ದೆ,” ಎಂದಳು ಹುಡುಗಿ.

“ಭಾಳ ಮಂದಿ ಅಂದ್ಕೊಂತಾರ. ಜೈನರ ಮಂತ್ರ ಪ್ರಾಕೃತದಾಗ ಐತಿ. ಅಲ್ಲಿ ‘ನಮೋ’ ಇಲ್ಲ, ‘ಣಮೋ’. ಒಂದು ಅಕ್ಷರ ನೋಡವ್ವ. ಪುಸ್ತಕ ತೆರೆಯೂದಕ್ಕಿಂತ ಮೊದಲ ನೀ ಒಂದು ಜೈನ ಮನಿ ಹೊಸ್ತಿಲದಾಗ ನಿಂತಿರತಿ.”

ದೇಸಾಯರು 1998ರಲ್ಲಿ ತೀರಿಕೊಂಡರು. ‘ಓಂ ಣಮೋ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2000ದಲ್ಲಿ. ತಲೆಬರಹದ ‘ಣ’ವನ್ನು ಯಾರಾದರೂ ತಿದ್ದುಪಡಿ ಮಾಡಿ ‘ನ’ ಮಾಡಿದ್ದರೆ ವ್ಯಾಕರಣಕ್ಕೆ ನಷ್ಟವಿರಲಿಲ್ಲ, ಮನೆಯೊಂದು ಕಳೆದುಹೋಗುತ್ತಿತ್ತು. ಇದೇ ಜಿಲ್ಲೆಯ ಅಂಕೋಲೆಯ ವಿವೇಕ ಶಾನಭಾಗರು 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ‘ಘಾಚರ್ ಘೋಚರ್’ ಯಾವ ಭಾಷೆಯ ಶಬ್ದವೂ ಅಲ್ಲ. ಕಥೆಯೊಳಗಿನ ಒಂದು ಮನೆಯ ಮಕ್ಕಳು ಬಿಡಿಸಲಾಗದ ಗಂಟಿಗೆ ತಾವೇ ಕಟ್ಟಿಕೊಂಡ ಹೆಸರು. ಇಂಗ್ಲಿಷಿಗೆ ಹೋದಾಗಲೂ ಅದನ್ನು ಬದಲಿಸಬೇಕಾಗಲಿಲ್ಲ.

ಹುಡುಗಿ ಇಷ್ಟಕ್ಕೇ ಒಪ್ಪುವವಳಲ್ಲ. “ಹಾಗಾದರೆ ದೇವನೂರ ಮಹಾದೇವ? 1984ರ ‘ಕುಸುಮಬಾಲೆ’ ಪೂರ್ತಿ ನಂಜನಗೂಡಿನ ಕಡೆಯ ಆಡುಮಾತಿನಲ್ಲೇ ಇದೆ. ನಿರೂಪಣೆಯೂ ಅದರಲ್ಲೇ. ಓದುವವರಿಗೆ ಕಷ್ಟವಾಗುತ್ತದೆ ಅಂತ ಅವರು ಒಂದು ಶಬ್ದವನ್ನೂ ಬಿಟ್ಟುಕೊಡಲಿಲ್ಲ. ನನಗೇಕೆ ನೀರು, ಉದಕ ಅಂತ ಲೆಕ್ಕ ಹಾಕಲು ಹೇಳುತ್ತೀರಿ?”

“ಅವರು ತಾವು ಉಂಡ ಕನ್ನಡದಾಗ ಬರೆದರು. ಕಷ್ಟ ಅಂದ್ರೂ ಅದು ಕನ್ನಡ. ಗಟ್ಟಿಯಾಗಿ ಓದಿದ್ರ ಬಿಚ್ಚಿಕೊಳ್ಳತೈತಿ.”

“ನಾನು ಉಂಡದ್ದು ಕನ್ನಡವಲ್ಲ.”

ಇದಕ್ಕೆ ಮಾಸ್ತರು ಒಡನೆ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅದು ಪೊಳ್ಳಾಗುತ್ತಿತ್ತು. ಶಾಲೆಯಲ್ಲಿ ಕಲಿತ ಕನ್ನಡ ಅವಳದು. ‘ವೃದ್ಧೆ’, ‘ನಯನ’ ಅವಳಿಗೆ ಆಡಂಬರವಾಗಿ ಬಂದವಲ್ಲ. ಮನೆಯಲ್ಲಿ ಇಲ್ಲದ ಭಾಷೆಯನ್ನು ಮರ್ಯಾದೆಯಿಂದ ಬರಮಾಡಿಕೊಂಡವರು ಅದಕ್ಕೆ ಒಳ್ಳೆಯ ಬಟ್ಟೆ ಉಡಿಸುತ್ತಾರೆ. ಘಟ್ಟದ ಮೇಲಿನ ಎಷ್ಟೋ ಮಕ್ಕಳ ಕನ್ನಡ ಹೀಗೆಯೇ ಬಂದದ್ದು. ಅದನ್ನು ಗೆರೆ ಎಳೆದು ಅಳಿಸುವವರು ಈ ಪ್ರೀತಿಯನ್ನೂ ಕಾಣಬೇಕು.

ದಾರಿ ತೋರಿಸಿದವರು ದಾಂಡೇಲಿಯವರು. “ಎರಡೂ ಕಡೆ ಕಾಲಿಟ್ಟ ಶಬ್ದ ಭಾಳ ಅದಾವಲ್ಲ,” ಎಂದರು. “ನೀ ಆಜಿ ಅಂತಿ, ನಾ ಅಜ್ಜಿ ಅಂತೇನಿ. ನಮ್ಮ ಅಂಬಲಿ, ಮರಾಠ್ಯಾಗ ಆಂಬೀಲ. ನಮ್ಮ ತುಪ್ಪ, ಅವರ ತೂಪ. ಅಕ್ಕ, ಅಣ್ಣ ಇಬ್ಬರಿಗೂ ಸಂಬಂಧ. ಅಂಥಾವು ಹುಡುಕು. ಆಜಿ ಬಾಯಾಗೂ ಕೂಡತಾವು, ಓದೂ ಮಂದಿ ಬಾಯಾಗೂ ಕೂಡತಾವು.”

ಹುಡುಗಿ ಹಾಳೆಯ ಬೆನ್ನಿಗೆ ಪಟ್ಟಿ ಮಾಡತೊಡಗಿದಳು. ‘ವೃದ್ಧೆ’ಯ ಮೇಲೆ ಅಡ್ಡಗೆರೆ ಬಿತ್ತು, ಅಲ್ಲಿ ‘ಆಜಿ’ ಬಂದಳು.

ಚಹಾ ಬಂತು. ಎರಡನೆಯ ಹಾಳೆಯಲ್ಲಿ ಮಾಸ್ತರ ಪೆನ್ಸಿಲು ‘ನಿರಾಶ್ರಿತರು’ ಎಂಬಲ್ಲಿ ನಿಂತಿತು. ಈ ಸಲ ಅವರು ಏನೂ ಕೇಳಲಿಲ್ಲ. ಹುಡುಗಿಯೇ ಮಾತಾಡಿದಳು.

“ಮುಂಡಗೋಡದಲ್ಲಿ ಈ ಶಬ್ದ ದಿನಾ ಕೇಳುತ್ತೇನೆ. ಅಲ್ಲಿ ಅದು ಟಿಬೆಟನ್ನರಿಗೆ. 1966ರಿಂದ ಇದ್ದಾರೆ, ಕ್ಯಾಂಪುಗಳಿಗೆ ನಂಬರು, ದೊಡ್ಡ ದೊಡ್ಡ ಮಠಗಳು. ಅಂಗಡಿಗೆ ಬರುವ ಅವರ ಮುದುಕಿಯೊಬ್ಬಳು ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾಳೆ. ‘ಎಷ್ಟ್ರೀ’ ಅಂತಾಳೆ, ‘ಸಾಕ್ರೀ’ ಅಂತಾಳೆ. ಅವರ ಮಾತಿನಲ್ಲಿ ಹಿರಿಯರ ಹೆಸರಿಗೆ ‘ಲಾ’ ಸೇರಿಸುತ್ತಾರಂತೆ, ಅಮ್ಮನಿಗೆ ಅಮಾಲಾ. ಅದಕ್ಕೇ ಇರಬೇಕು, ನಮ್ಮ ‘ರೀ’ ಅವಳಿಗೆ ಅಷ್ಟು ಸಲೀಸು. ಅವಳು ಹಿಮಾಲಯ ದಾಟಿ ಬಂದವಳು. ನಮ್ಮ ಆಜಿ ತನ್ನ ಜಿಲ್ಲೆಯೇ ದಾಟಿಲ್ಲ. ಇಬ್ಬರಿಗೂ ಒಂದೇ ಶಬ್ದ ಹಾಕಿಬಿಟ್ಟೆ.”

“ಆಜಿ ತನಗ ಏನಂತ ಹೇಳ್ಕೊಂತಾಳ?”

“ಸೂಪಾದವಳು ಅಂತ.”

ಸೂಪಾ ಎಂಬ ಊರು ಈಗ ಇಲ್ಲ. ಕಾಳಿ ಮತ್ತು ಪಾಂಢರಿ ಕೂಡುವಲ್ಲಿದ್ದ ಊರದು. ತಾಲ್ಲೂಕಿಗೂ ಅದರದೇ ಹೆಸರು. ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡವಾಗಿ 101 ಮೀಟರು ಎತ್ತರದ ಅಣೆಕಟ್ಟು ಎದ್ದಿತು. 1987ರ ಹೊತ್ತಿಗೆ ಕೆಲಸ ಮುಗಿದು, ಊರು ನೀರಿನ ಕೆಳಗೆ ಹೋಯಿತು. ಎಷ್ಟೋ ಜನ ರಾಮನಗರಕ್ಕೆ ಹೋದರು. ತಾಲ್ಲೂಕಿಗೆ ಜೋಯಿಡಾ ಎಂಬ ಹೆಸರು ನಿಂತಿತು. ಸೂಪಾ ಉಳಿದದ್ದು ಅಣೆಕಟ್ಟಿನ ಹೆಸರಿನಲ್ಲಿ, ಅಂದರೆ ಊರನ್ನು ಮುಳುಗಿಸಿದ್ದರ ಹೆಸರಿನಲ್ಲಿ. ಮತ್ತೆ ಹಳೆಯ ಜನರ ಬಾಯಲ್ಲಿ.

“ಬಸ್ಸಿನಲ್ಲೂ ಹಾಗೇ ಕೇಳುತ್ತಿದ್ದಳು ಸರ್,” ಎಂದಳು ಹುಡುಗಿ. “ನಾನು ಸಣ್ಣವಳಿದ್ದಾಗ ದಾಂಡೇಲಿಯ ಸಂತೆ ಮುಗಿಸಿ ಬರುವಾಗ. ಕಂಡಕ್ಟರಿಗೂ ರೂಢಿಯಾಗಿತ್ತು.”

ಮಾಸ್ತರು ಹದಿನಾಲ್ಕು ಹಾಳೆಗಳನ್ನು ಜೋಡಿಸಿ, ಮಡಚಿ, ಅವಳ ಕೈಗೆ ಕೊಟ್ಟರು. ಪೆನ್ಸಿಲನ್ನೂ ಕೊಟ್ಟರು. ಹುಡುಗಿ ಕೊನೆಯ ಹಾಳೆಯ ಬೆನ್ನಿನ ಮೇಲೆ ಬರೆದಳು, ಹೊಡೆದಳು, ಮತ್ತೆ ಬರೆದಳು. ಓದಿದಳು.

“ಆಜಿ ಸೂಪಾಕ್ಕೆ ಒಂದು ಟಿಕೀಟು ಕೇಳಿದಳು. ಕಂಡಕ್ಟರು ಜೋಯಿಡಾಕ್ಕೆ ಹರಿದುಕೊಟ್ಟ.”

“ಟಿಕೆಟ್ಟೋ, ಟಿಕೀಟೋ?” ದಾಂಡೇಲಿಯವರು ಕೇಳಿದರು.

“ಆಜಿ ಟಿಕೀಟು ಅಂತಾಳೆ. ಕಂಡಕ್ಟರು ಮಾತ್ರ ಟಿಕೆಟ್ಟು ಅಂತಿದ್ದ.”

“ಮುಂದ ‘ಆಜಿ ಏನೂ ಅನ್ನಲಿಲ್ಲ’ ಅಂತ ಹಾಕು,” ಎಂದರು ಮಾಸ್ತರು. “ಸುಮ್ಮನ ಇಸ್ಕೊಂಡಳು ಅಂತ.”

ಹುಡುಗಿ ತಲೆ ಅಲ್ಲಾಡಿಸಿದಳು. “ಇಲ್ಲ ಸರ್. ಅವಳು ಸುಮ್ಮನಿರುತ್ತಿರಲಿಲ್ಲ.” ಪೆನ್ಸಿಲು ಇನ್ನೊಮ್ಮೆ ಹಾಳೆಗೆ ಇಳಿಯಿತು. ಈ ಸಲ ಹೊಡೆಯಲಿಲ್ಲ. “‘ಆಜಿ ಉಳಿದ ಚಿಲ್ಲರೆ ಎಣಿಸಿಕೊಂಡಳು, ಕನ್ನಡದಲ್ಲಿ.’”

ಮಾಸ್ತರು ಆ ಮೂರು ವಾಕ್ಯಗಳನ್ನು ತುಟಿಯಲ್ಲೇ ಹೇಳಿಕೊಂಡರು, ಮತ್ತೊಮ್ಮೆ ಹೇಳಿಕೊಂಡರು. ದಾಂಡೇಲಿಯವರ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ.

“ಆವಾಗ ದಾಂಡೇಲಿಯಿಂದ ಚಾರ್ಜು ಎಷ್ಟಿತ್ತು? ಎಷ್ಟು ಚಿಲ್ಲರೆ ವಾಪಸ್ ಬಂತು? ಅದು ಗೊತ್ತಿಲ್ಲದ ಆಕಿ ಎಲ್ಲೀಮಟಾ ಎಣಿಸಬೇಕು?”

“ಆಜಿಗೆ ನೆನಪಿರುತ್ತದೆ,” ಎಂದಳು ಹುಡುಗಿ. “ಇವತ್ತು ರಾತ್ರಿ ಕೇಳುತ್ತೇನೆ.”